ಮುಖದ ಮೇಲೆ ಒಮ್ಮೆಲೇ ಒಣಕಲೆ ಎದ್ದು ಉರಿಯುತ್ತಿದೆ, ಏನು ಹಚ್ಚಲಿ?

ನಾಲ್ಕು ದಿನದಿಂದ ಕೆನ್ನೆಯ ಮೇಲೆ ರೂಪಾಯಿ ನಾಣ್ಯದಷ್ಟು ಜಾಗ ಒಣಗಿ ಹೊಟ್ಟು ಏಳುತ್ತಿದೆ, ನೀರು ತಾಗಿದರೂ ಚುರುಗುಟ್ಟುತ್ತದೆ, ಇನ್ನು ಹದಿನೆಂಟು ದಿನಕ್ಕೆ ಮದುವೆ ಎಂದು ಬರೆದಿದ್ದೀರಿ. ಕಡಲೆಹಿಟ್ಟಿಗೆ ನಿಂಬೆರಸ ಹಿಂಡಿ ಹಚ್ಚಲೇ, ಇಲ್ಲಾ ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಲೇ ಎಂದೂ ಕೇಳಿದ್ದೀರಿ.

ದಯವಿಟ್ಟು ಎರಡೂ ಬೇಡ. ನಾನು ಡಾಕ್ಟರಲ್ಲ, ಧಾರವಾಡದಲ್ಲಿ ಹೈಸ್ಕೂಲ್ ಟೀಚರು. ಆದರೆ ನೀವು ಹೇಳಿದ ಎರಡನ್ನೂ ಒಂದಾದ ಮೇಲೊಂದು ಹಚ್ಚಿಕೊಂಡು, ಒಂದು ವಾರದಲ್ಲಿ ಹೋಗಬೇಕಾದದ್ದನ್ನು ಎರಡೂವರೆ ತಿಂಗಳು ಅನುಭವಿಸಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ, ಸಂಕ್ರಾಂತಿ ಆಗಿ ಒಂದು ವಾರವಾಗಿತ್ತು. ನಮ್ಮ ಕಡೆ ಆ ದಿನಗಳಲ್ಲಿ ಒಣಗಾಳಿ ಬೀಸುತ್ತದೆ, ತುಟಿ, ಹಿಮ್ಮಡಿ ಎಲ್ಲರಿಗೂ ಬಿರಿಯುತ್ತವೆ. ಬೆಳಿಗ್ಗೆ ಮುಖ ತೊಳೆಯುವಾಗ ಬಲಗೆನ್ನೆಯ ಒಂದು ಜಾಗ ಬೆರಳಿಗೆ ಉಪ್ಪುಕಾಗದದ ಹಾಗೆ ಹತ್ತಿತು. ಕನ್ನಡಿಯಲ್ಲಿ ನೋಡಿದರೆ ಸ್ವಲ್ಪ ಕೆಂಪು, ಮೇಲೆ ಬಿಳಿ ಹೊಟ್ಟು. ಥಂಡಿಗೆ ಆಗಿದೆ ಎಂದುಕೊಂಡು ಹಿತ್ತಲಿನ ಲೋಳೆಸರ ಕತ್ತರಿಸಿ ತಿಕ್ಕಿದೆ. ಕತ್ತರಿಸಿದ ಕೂಡಲೇ ಸಿಪ್ಪೆಯ ಅಂಚಿನಿಂದ ಒಸರುವ ಹಳದಿ ರಸವೇ ಚರ್ಮಕ್ಕೆ ಆಗದ ವಸ್ತು ಎಂಬುದು ಆಗ ಗೊತ್ತಿರಲಿಲ್ಲ. ಮರುದಿನ ಅರಿಶಿಣ, ಕಡಲೆಹಿಟ್ಟು, ನಿಂಬೆರಸ. ಐದು ನಿಮಿಷಕ್ಕೆ ಕಣ್ಣಲ್ಲಿ ನೀರು ಬರುವಷ್ಟು ಉರಿ. ಉರಿದರೆ ಕೆಲಸ ಮಾಡುತ್ತಿದೆ ಎಂದು ಹಿರಿಯರು ಹೇಳುತ್ತಾರಲ್ಲ, ಅದನ್ನೇ ನಂಬಿ ಹಲ್ಲು ಕಚ್ಚಿ ಕೂತೆ. ಸಂಜೆಯ ಹೊತ್ತಿಗೆ ನಾಣ್ಯದಷ್ಟಿದ್ದದ್ದು ಅಂಗೈ ಅಗಲವಾಯಿತು.

ಆಮೇಲೆ ಮೆಡಿಕಲ್ ಶಾಪು. ಹುಡುಗ ಮುಖ ನೋಡಿದವನೇ, "ಅಕ್ಕಾರ, ಈ ಟ್ಯೂಬ್ ಹಚ್ರಿ, ಎರಡ ದಿನದಾಗ ಹೋಗ್ತದ" ಅಂದ. ಅವನು ಹೇಳಿದ್ದು ಸುಳ್ಳಾಗಲಿಲ್ಲ, ಎರಡೇ ದಿನಕ್ಕೆ ಕೆನ್ನೆ ನುಣ್ಣಗಾಯಿತು. ಮೋಸ ಇರುವುದೇ ಅಲ್ಲಿ. ಬಿಟ್ಟ ಮೂರನೇ ದಿನ ಮತ್ತೆ ಬಂತು, ಮೊದಲಿಗಿಂತ ಕೆಂಪಾಗಿ. ಮತ್ತೆ ಹಚ್ಚಿದೆ, ಹೋಯಿತು. ಬಿಟ್ಟೆ, ಬಂತು. ಹೀಗೆ ಮೂರು ವಾರ ಕಳೆದವು. ಕೊನೆಗೆ ಬಿಸಿಲಿಗೆ ಹೋದರೂ, ಒಲೆಯ ಮುಂದೆ ನಿಂತರೂ ಮುಖ ಕೆಂಡದ ಹಾಗೆ ಕಾಯುತ್ತಿತ್ತು. ಸಣ್ಣ ಸಣ್ಣ ಗುಳ್ಳೆಗಳೂ ಎದ್ದವು.

ಚರ್ಮರೋಗ ತಜ್ಞರಲ್ಲಿಗೆ ಹೋದಾಗ ಅವರು ಮೊದಲು ಕೇಳಿದ್ದು ಟ್ಯೂಬನ್ನು. ಕನ್ನಡಕ ಹಣೆಗೇರಿಸಿ, ಟ್ಯೂಬಿನ ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿ ಹೇಳಿದರು: ಕ್ಲೋಬೆಟಸಾಲ್ ಎಂಬ ಬಹಳ ಜೋರಾದ ಸ್ಟೀರಾಯ್ಡ್, ಜೊತೆಗೆ ಒಂದು ಆಂಟಿಬಯೋಟಿಕ್, ಒಂದು ಫಂಗಸ್ ಔಷಧ, ಮೂರೂ ಒಂದರಲ್ಲೇ. ಕೈಕಾಲಿನ ದಪ್ಪ ಚರ್ಮಕ್ಕೆ ಡಾಕ್ಟರು ಲೆಕ್ಕ ಹಾಕಿ ಕೊಡುವಂಥದ್ದನ್ನು ನಾನು ತೆಳು ಗಲ್ಲಕ್ಕೆ ದಿನಕ್ಕೆರಡು ಬಾರಿ ಬಳಿಯುತ್ತಿದ್ದೆ. ಸ್ಟೀರಾಯ್ಡ್ ಉರಿ, ಕೆಂಪನ್ನು ಬೇಗ ಅಡಗಿಸುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಬಿಟ್ಟರೆ ತಿರುಗಿ ಉರಿಯುತ್ತದೆ. ನಿಜವಾಗಿ ಅದು ಹುಳುಕಡ್ಡಿಯಾಗಿದ್ದರೆ ಇನ್ನೂ ಕೇಡು. ಮೇಲೆ ಕೆಂಪು ಕಡಿಮೆಯಾದಂತೆ ಕಂಡು ಒಳಗೊಳಗೇ ಹರಡುತ್ತದೆ.

ಇಂಥ ಮುಲಾಮುಗಳನ್ನು ಜನ ಮುಖ ಬೆಳ್ಳಗಾಗಲೆಂದೂ ಹಚ್ಚುತ್ತಾರೆ. ಈ ಹಾವಳಿ ಹೆಚ್ಚಾಗಿಯೇ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಆದರೂ ನನಗೆ ಚೀಟಿ ಕೇಳಲಿಲ್ಲ, ನಿಮಗೂ ಕೇಳಿಲ್ಲ. ಈಗಲೇ ನಿಮ್ಮ ಕೈಯಲ್ಲಿರುವ ಟ್ಯೂಬನ್ನು ತಿರುಗಿಸಿ ನೋಡಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್, ಫ್ಲುಯೊಸಿನೊಲೋನ್, ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಇನ್ನೂ ಹಚ್ಚಿಲ್ಲವೆಂದರೆ ಹಚ್ಚಬೇಡಿ. ಆಗಲೇ ವಾರಗಟ್ಟಲೆ ಹಚ್ಚಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಲ್ಲಿಸುವುದು ಹೇಗೆಂದು ಡಾಕ್ಟರನ್ನೇ ಕೇಳಿ. ನನಗೆ ಹಂತಹಂತವಾಗಿ ಇಳಿಸಿ, ಬದಲಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಎಂಬ ಮುಲಾಮು ಬರೆದುಕೊಟ್ಟರು. ಮೊದಲ ಕೆಲವು ದಿನ ಅದೂ ಚುರುಚುರು ಎನ್ನುತ್ತದೆ ಎಂದು ಮುಂಚೆಯೇ ಹೇಳಿದ್ದರಿಂದ ಹೆದರಲಿಲ್ಲ.

ಆದರೆ ನಿಮಗೆ ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ಇದಲ್ಲ. ಆ ಡಾಕ್ಟರು ಕೇಳಿದ ಇನ್ನೊಂದು ಪ್ರಶ್ನೆಯ ಬಗ್ಗೆ ಹೇಳಬೇಕು.

"ಮಲಗೋವಾಗ ಯಾವ ಮಗ್ಗಲಿಗೆ ಮಲಗತೀರಿ?"

ಬಲಮಗ್ಗಲಿಗೆ, ಅಂದೆ. ಕೈ ಎಲ್ಲಿಟ್ಟುಕೊಳ್ಳುತ್ತೀರಿ ಎಂದರು. ಅಂಗೈ ಗಲ್ಲದ ಕೆಳಗಿಟ್ಟು ಮಲಗುವುದು ನನಗೆ ಚಿಕ್ಕಂದಿನ ರೂಢಿ. ಮಲಗುವ ಮುಂಚೆ ಕೈಯಿಂದ ಕಡೆಯದಾಗಿ ಏನು ಮಾಡುತ್ತೀರಿ ಎಂದಾಗ ಒಂದು ಕ್ಷಣ ತಡೆದು ಯೋಚಿಸಿದೆ. ಜನವರಿಯ ಚಳಿಗೆ ಅತ್ತೆಯವರ ಮೊಣಕಾಲು ನೋವು ಹೆಚ್ಚಾಗಿತ್ತು. ದಿನಾ ರಾತ್ರಿ ನಾನೇ ನೋವಿನ ಬಾಮು ತಿಕ್ಕುತ್ತಿದ್ದೆ, ಬಲಗೈಯಿಂದ. ತಿಕ್ಕಿ, ಕೈಯನ್ನು ಟವೆಲಿಗೆ ಒರೆಸಿ, ಹೋಗಿ ಮಲಗುತ್ತಿದ್ದೆ. ಬಾಮಿನಲ್ಲಿರುವ ಕರ್ಪೂರ, ಮೆಂಥಾಲ್, ಮಿಥೈಲ್ ಸ್ಯಾಲಿಸಿಲೇಟ್ ರಾತ್ರಿಯಿಡೀ ಅಂಗೈಯಿಂದ ಗಲ್ಲಕ್ಕೆ ಹತ್ತುತ್ತಿದ್ದವು. ಅಂಗೈಯ ದಪ್ಪ ಚರ್ಮಕ್ಕೆ ಏನೂ ಆಗಲಿಲ್ಲ, ಗಲ್ಲ ಬೆಂದಿತು. ಮನೆಗೆ ಬಂದು ಹೇಳಿದಾಗ ಅತ್ತೆ, "ಯವ್ವಾ, ನನ್ನ ಮೊಣಕಾಲಿನ ಸಲುವಾಗಿ ನಿನ್ನ ಗಲ್ಲ ಸುಟ್ಟಿತಲ್ಲ" ಎಂದು ಅತ್ತುಬಿಟ್ಟರು. ಅಂದಿನಿಂದ ನಾವಿಬ್ಬರೂ ಮಾಡಿಕೊಂಡ ಬದಲಾವಣೆ ಇಷ್ಟೇ: ಬಾಮು ಹಚ್ಚಿದ ಮೇಲೆ ಸೋಪಿನಿಂದ ಎರಡು ಬಾರಿ ಕೈ ತೊಳೆಯುವುದು, ದಿಂಬಿನ ಕವರು ಬದಲಿಸುವುದು.

ಆದ್ದರಿಂದ ಏನು ಹಚ್ಚಲಿ ಎಂದು ಕೇಳುವ ಮೊದಲು ಏನು ತಾಗಿತು ಎಂದು ಹುಡುಕಿ. ನೀವು ಮದುಮಗಳು, ಈ ಹದಿನೈದು ದಿನದಲ್ಲಿ ಹೊಸದಾಗಿ ಮುಖಕ್ಕೆ ಬಂದದ್ದು ಎಷ್ಟೋ ಇರಬಹುದು. ಪಾರ್ಲರಿನ ಬ್ಲೀಚ್, ಫೇಶಿಯಲ್, ಥ್ರೆಡಿಂಗ್, ಹೊಸ ಫೇಸ್‌ವಾಶ್, ಗೆಳತಿ ಕೊಟ್ಟ ಸೀರಮ್. ರೆಟಿನಾಲ್, ಗ್ಲೈಕೋಲಿಕ್ ಆ್ಯಸಿಡ್, ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಸೀರಮ್‌ಗಳು ಚಳಿಗಾಲದಲ್ಲಿ ಹೀಗೇ ಮಾಡುತ್ತವೆ. ಮುಖಕ್ಕೆ ನೇರವಾಗಿ ಹಚ್ಚದಿದ್ದದ್ದನ್ನೂ ನೆನಪಿಸಿಕೊಳ್ಳಿ. ಕೂದಲಿನ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಅನೇಕರ ಹಣೆ, ಕಿವಿ, ರೆಪ್ಪೆಗಳನ್ನು ಕೆಡಿಸುತ್ತದೆ. ಉಗುರುಬಣ್ಣ ಬೆರಳಿಗೆ ಏನೂ ಮಾಡದೆ, ಕಣ್ಣುಜ್ಜಿಕೊಂಡಾಗ ರೆಪ್ಪೆಗೆ ಅಲರ್ಜಿ ತರುತ್ತದೆ. ಹೆಲ್ಮೆಟ್ಟಿನ ಪಟ್ಟಿ, ಹೊಸ ಸ್ಕಾರ್ಫು, ಟೂತ್‌ಪೇಸ್ಟು ಯಾವುದನ್ನೂ ಬಿಡಬೇಡಿ. ಇಂಥ ಅಲರ್ಜಿ ಸಾಮಾನ್ಯವಾಗಿ ತಾಗಿದ ಕೂಡಲೇ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಏಳುತ್ತದೆ. ಹಾಗಾಗಿ ನಿನ್ನೆಯದನ್ನಷ್ಟೇ ಅಲ್ಲ, ಕಳೆದ ವಾರದ್ದನ್ನೂ ಯೋಚಿಸಿ. ಏನೂ ಸಿಗದೆ ಪದೇಪದೇ ಬರುತ್ತಿದ್ದರೆ ಪ್ಯಾಚ್ ಟೆಸ್ಟ್ ಇದೆ. ಅನುಮಾನವಿರುವ ವಸ್ತುಗಳನ್ನು ಸ್ವಲ್ಪಸ್ವಲ್ಪ ಬೆನ್ನಿಗೆ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಮತ್ತೆರಡು ದಿನಕ್ಕೆ ಇನ್ನೊಮ್ಮೆ ನೋಡುತ್ತಾರೆ.

ಇವತ್ತು ರಾತ್ರಿಯಿಂದಲೇ ಎಲ್ಲವನ್ನೂ ನಿಲ್ಲಿಸಿ. ಉಗುರುಬೆಚ್ಚಗಿನ ನೀರಲ್ಲಿ ಮುಖ ತೊಳೆಯಿರಿ, ಕುದಿನೀರು ಬೇಡ. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಆಮ್ಲ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 5ರ ಆಸುಪಾಸು. ಸಾಮಾನ್ಯ ಮೈಸೋಪಿನದು 9-10. ಸೋಪು ಚರ್ಮದ ಎಣ್ಣೆಯಂಶವನ್ನು ತೊಳೆದುಹಾಕುತ್ತದೆ. ನಿಂಬೆರಸದ ಪಿಎಚ್ ಸುಮಾರು 2, ಮತ್ತೊಂದು ತುದಿ. ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಕಪ್ಪು ಕಲೆಯೂ ಆಗಬಹುದು. ತೊಳೆದ ಮೇಲೆ ಉಜ್ಜಬೇಡಿ, ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒತ್ತಿ, ಇನ್ನೂ ತುಸು ಹಸಿ ಇರುವಾಗಲೇ ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ಇಲ್ಲವೇ ಬರೀ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ. ದಿನಕ್ಕೆ ಮೂರು ನಾಲ್ಕು ಬಾರಿ. ಉರಿ ಹೆಚ್ಚಾದಾಗ ತಣ್ಣೀರಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಇಟ್ಟರೆ ಹಾಯೆನಿಸುತ್ತದೆ. ಹೊಟ್ಟನ್ನು ಕೀಳಬೇಡಿ, ಸ್ಕ್ರಬ್ ಬೇಡವೇ ಬೇಡ. ಹೊರಗೆ ಹೋಗುವಾಗ ಛತ್ರಿಯೋ ಸೆರಗೋ ಇರಲಿ. ಬರೀ ತಾಗಿದ್ದರಿಂದ ಆದ ಉರಿಯಾದರೆ ನಾಲ್ಕೈದು ದಿನಕ್ಕೆ ತಣ್ಣಗಾಗತೊಡಗುತ್ತದೆ. ಹೊರಪದರ ಪೂರ್ತಿ ಹೊಸದಾಗಲು ತಿಂಗಳು ಹಿಡಿಯುತ್ತದೆ, ಅದಕ್ಕೆ ಅವಸರಪಡಿಸಬೇಡಿ.

ಮನೆಮದ್ದಿಗೆ ಕಾಯದೆ ಹೊರಡಬೇಕಾದ ಸಂದರ್ಭಗಳೂ ಇವೆ. ಒಂದೇ ಬದಿಗೆ ನೋವು, ಉರಿ ಬಂದು ನೀರುಗುಳ್ಳೆಗಳ ಗೊಂಚಲು ಎದ್ದರೆ ಅದು ಸರ್ಪಸುತ್ತು ಇರಬಹುದು. ಕೆಮ್ಮಣ್ಣು ಹಚ್ಚಿಸಿಕೊಂಡು ಕೂರಬೇಡಿ, ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, ಕಣ್ಣು ಮೂಗಿನ ಹತ್ತಿರವಾದರೆ ಅದೇ ದಿನ ಹೋಗಿ. ತುಟಿ, ಕಣ್ಣು ಊದಿಕೊಂಡು ಉಸಿರು ಕಟ್ಟಿದಂತಾದರೆ ಸೀದಾ ಆಸ್ಪತ್ರೆಗೆ. ಕೀವು, ಹಳದಿ ಹಕ್ಕಳೆ, ಜ್ವರ ಬಂದರೂ ಹಾಗೇ. ಅಂಚು ಬಳೆಯಂತೆ ಎದ್ದು ಅಗಲವಾಗುತ್ತಿದ್ದರೆ ಹುಳುಕಡ್ಡಿಯ ಅನುಮಾನ ಪಡಬೇಕು. ಮೂಗಿನ ಪಕ್ಕ, ಹುಬ್ಬಿನಲ್ಲಿ ಜಿಡ್ಡುಜಿಡ್ಡಾದ ಹೊಟ್ಟಿದ್ದರೆ ಅದು ತಲೆಹೊಟ್ಟಿನ ಬಳಗದ್ದು, ಅದಕ್ಕೆ ಬೇರೆ ಔಷಧ. ಇನ್ನೊಂದು ಮಾತು, ನಿಮ್ಮದು ಉರಿಯುತ್ತಿರುವುದರಿಂದ ನಿಮಗಲ್ಲ, ಓದುವ ಬೇರೆಯವರಿಗೆ: ಮಚ್ಚೆ ಮಾಸಲಾಗಿದ್ದು ಮುಟ್ಟಿದರೆ ಸ್ಪರ್ಶವೇ ತಿಳಿಯದಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಪೂರ್ತಿ ವಾಸಿಯಾಗುತ್ತದೆ, ನಾಚಿಕೊಳ್ಳುವಂಥದ್ದೇನೂ ಇಲ್ಲ.

ಇನ್ನು ನಿಮ್ಮ ಮದುವೆ. ವಾರದಲ್ಲಿ ಕಡಿಮೆಯಾಗದಿದ್ದರೆ ನೀವು ಎರಡು ವಾರ ಕಾಯಬೇಡಿ, ಎಂಟನೇ ದಿನವೇ ಚರ್ಮದ ಡಾಕ್ಟರಿಗೆ ತೋರಿಸಿ, ಮದುವೆ ದಿನಾಂಕವನ್ನೂ ಹೇಳಿ. ಕೊನೆಯ ವಾರದ ಫೇಶಿಯಲ್ ಅಪಾಯಿಂಟ್‌ಮೆಂಟ್ ಇದ್ದರೆ ಇವತ್ತೇ ಫೋನ್ ಮಾಡಿ ರದ್ದು ಮಾಡಿ. ಮೇಕಪ್ಪಿನವರ ಬಳಿ ಹಚ್ಚುವ ಸಾಮಾನನ್ನು ಮುಂಚೆಯೇ ಸ್ವಲ್ಪ ತಂದು, ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಬಾರಿ ಒಂದು ವಾರ ಹಚ್ಚಿ ನೋಡಿಕೊಳ್ಳಿ. ಅರಿಶಿಣ ಶಾಸ್ತ್ರದ ದಿನ ಮುತ್ತೈದೆಯರು ಸುಮ್ಮನೆ ಬಿಡುವುದಿಲ್ಲ, ಗಲ್ಲಕ್ಕೇ ಕೈ ಹಾಕುತ್ತಾರೆ. ಅವತ್ತು ಬೆಳಿಗ್ಗೆಯೇ ನಿಮ್ಮ ಅಮ್ಮನಿಗೆ ಹೇಳಿಡಿ, ಅವರು ಪಕ್ಕದಲ್ಲಿ ನಿಂತು ಕೈಗೆ, ಪಾದಕ್ಕೆ ಹಚ್ಚಿಸಲಿ.