ಯೇಸು ಕತ್ತಿ ಕೊಳ್ಳಲು ಹೇಳಿದ್ದು ಯುದ್ಧಕ್ಕಾ?

ಬೈಬಲಿನ ಲೂಕ 22:36ರಲ್ಲಿ ಯೇಸುವೇ ಕತ್ತಿ ಕೊಂಡುಕೊಳ್ಳಿ ಎಂದಿದ್ದಾರೆ, ಹಾಗಾದರೆ ಕ್ರೈಸ್ತರು ಯುದ್ಧ ಮಾಡಬಹುದಲ್ವಾ ಎಂದು ಕೇಳಿದ್ದೀರಿ. ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ, ಇನ್ನೂ ಸ್ವಲ್ಪ ಮುಂದೆ ಓದಿ. ಶಿಷ್ಯರು ಎರಡು ಕತ್ತಿ ತೋರಿಸುತ್ತಾರೆ. ಯೇಸು ‘ಸಾಕು’ ಎನ್ನುತ್ತಾರೆ. ಇದು ದಂಡು ಕಟ್ಟುವ ಮಾತು ಅಂತ ನನಗೆ ಅನ್ನಿಸುವುದಿಲ್ಲ. ಅದೇ ರಾತ್ರಿ, ಹಿಡಿಯಲು ಬಂದವರಲ್ಲಿ ಒಬ್ಬನ ಕಿವಿಯನ್ನು ಶಿಷ್ಯನೊಬ್ಬ ಕತ್ತರಿಸುತ್ತಾನೆ. ಯೇಸು ತಡೆಯುತ್ತಾರೆ. ಆ ಕಿವಿಯನ್ನು ಮುಟ್ಟಿ ವಾಸಿ ಮಾಡುತ್ತಾರೆ. ತಮ್ಮನ್ನು ಸಾವಿಗೆ ಒಯ್ಯಲು ಬಂದವನ ಕಿವಿ ಅದು! ಅದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಕರಗುತ್ತದೆ.

295ರಲ್ಲಿ ಉತ್ತರ ಆಫ್ರಿಕಾದ ಮ್ಯಾಕ್ಸಿಮಿಲಿಯನ್ ಎಂಬ 21 ವರ್ಷದ ಯುವಕ, ತಾನು ಕ್ರೈಸ್ತ ಎಂಬ ಕಾರಣಕ್ಕೇ ರೋಮನ್ ಸೇನೆ ಸೇರಲು ಒಪ್ಪದೆ ತಲೆ ಕೊಟ್ಟ. ಆಗಲೇ ಸೇನೆಯಲ್ಲಿದ್ದ ಕ್ರೈಸ್ತರೂ ಇದ್ದರು, ಅದೂ ನಿಜ. ಮುಂದೆ ಕ್ರೈಸ್ತ ಚಿಂತಕ, ಬಿಷಪ್ ಆಗಸ್ಟೀನ್ ಯುದ್ಧವನ್ನು ಪೂರ್ತಿ ತಳ್ಳಿಹಾಕಲಿಲ್ಲ. ಆದರೆ ಕಾರಣ ನ್ಯಾಯವಾಗಿರಬೇಕು, ಗುರಿ ಶಾಂತಿಯೇ ಆಗಿರಬೇಕು ಎಂದರು.

ಅಮಾಯಕರ ಮೇಲೆ ಬಿದ್ದವನನ್ನು ಬಲದಿಂದ ತಡೆಯುವುದು ಪಾಪ ಅಂತ ನಾನು ಹೇಳಲಾರೆ. ಆದರೆ 1099ರಲ್ಲಿ ಕ್ರೂಸೇಡ್ ಎಂಬ ಧರ್ಮಯುದ್ಧದ ಸೈನಿಕರು ಜೆರುಸಲೇಮಿನಲ್ಲಿ ಮುಸ್ಲಿಮರನ್ನೂ ಯಹೂದಿಗಳನ್ನೂ ಶಿಲುಬೆಯ ಹೆಸರಿನಲ್ಲಿ ಕೊಂದರಲ್ಲ, ಅದಕ್ಕೆ ಈ ವಚನ ಖಂಡಿತ ಆಧಾರವಾಗುವುದಿಲ್ಲ.