ಒಂದೇ ದೋಷ, ಮೂರು ಕಾರಣ

ಪ್ರಶ್ನೆ: ನಮ್ಮ ಪ್ರಾಜೆಕ್ಟಿನಲ್ಲಿ ಒಂದೇ ಕಂಪ್ಯೂಟರಿನ ಎರಡು ಪ್ರೋಗ್ರಾಂಗಳು 5000ನೇ ಪೋರ್ಟಿನ (ಸಂಪರ್ಕಗಳು ಬರುವ, ಸಂಖ್ಯೆಯುಳ್ಳ ಬಾಗಿಲಿನ) ಮೂಲಕ ಮಾಹಿತಿ ಹಂಚಿಕೊಳ್ಳುತ್ತವೆ. ಲಿನಕ್ಸ್‌ನಲ್ಲಿ ಸರ್ವರ್ ನಿಲ್ಲಿಸಿ ತಕ್ಷಣ ಮತ್ತೆ ಶುರು ಮಾಡಿದರೆ 98ನೇ ದೋಷ ಬರುತ್ತದೆ. ಗೆಳತಿಯ ಮ್ಯಾಕ್‌ನಲ್ಲಿ ಮೊದಲ ಸಲವೇ 48 ಬಂತು. 'ರೀಯೂಸ್ ಅಡ್ರೆಸ್' ಆಯ್ಕೆ ಹಾಕಿದ ಮೇಲೆ ವಿಂಡೋಸ್‌ನಲ್ಲಿ ಎರಡು ಸರ್ವರ್‌ಗಳು ಒಟ್ಟಿಗೆ ಓಡುತ್ತಿವೆ. ಏನು ಮಾಡಬೇಕು?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: 98 ಮತ್ತು 48 ಎರಡೂ 'ವಿಳಾಸ ಈಗಾಗಲೇ ಬಳಕೆಯಲ್ಲಿದೆ' ಎಂಬ ಒಂದೇ ದೋಷದ ಸಂಖ್ಯೆಗಳು, ವಿಂಡೋಸ್‌ನಲ್ಲಿ ಅದೇ 10048. ಆದರೆ ನಿಮಗೆ ಎದುರಾದ ಕಾರಣಗಳು ಬೇರೆ ಬೇರೆ.

ಲಿನಕ್ಸ್‌ನಲ್ಲಿ ಸಂಪರ್ಕವನ್ನು ಮೊದಲು ಮುಚ್ಚಿದ ಕಡೆಯವರು, ಹಳೆಯ ಸಂಪರ್ಕದ ತಡವಾದ ಪ್ಯಾಕೆಟ್‌ಗಳು ಹೊಸದರೊಳಗೆ ಸೇರದಿರಲೆಂದು, 60 ಸೆಕೆಂಡು 'ಟೈಮ್ ವೇಟ್' ಎಂಬ ಕಾಯುವ ಸ್ಥಿತಿಯಲ್ಲಿರುತ್ತಾರೆ, ಅಷ್ಟು ಹೊತ್ತು ಪೋರ್ಟ್ ಬಳಕೆಯಲ್ಲಿದೆಯೆಂದೇ ಲೆಕ್ಕ. ಅಲ್ಲಿ, ಅಂಥ ಪೋರ್ಟನ್ನು ಮತ್ತೆ ಬಳಸಲು ಬಿಡುವ ರೀಯೂಸ್ ಅಡ್ರೆಸ್ ಸರಿಯಾದ ಮದ್ದು. ಸರ್ವರ್ ಪೋರ್ಟನ್ನು ತನ್ನದಾಗಿಸಿಕೊಳ್ಳುವ ಬೈಂಡ್ ಕರೆಗೆ ಮುಂಚೆಯೇ ಅದನ್ನು ಹಾಕಿರಬೇಕು. ಮ್ಯಾಕ್‌ನಲ್ಲಿ, 2021ರ ಮಾಂಟೆರೆ ಆವೃತ್ತಿಯಿಂದ, ಬೇರೆ ಆಪಲ್ ಸಾಧನಗಳು ಕಳಿಸುವ ಹಾಡು-ವಿಡಿಯೋ ಪಡೆಯುವ ಏರ್‌ಪ್ಲೇ ರಿಸೀವರ್ 5000ನೇ ಪೋರ್ಟನ್ನು ಬಳಸುತ್ತಿದೆ, ಆದ್ದರಿಂದ ಪೋರ್ಟ್ ಬದಲಿಸಿದರೆ ಸಾಕು.

ಹೆಚ್ಚು ಎಚ್ಚರ ಬೇಕಾದದ್ದು ವಿಂಡೋಸ್‌ನಲ್ಲಿ. ಅಲ್ಲಿ ಅದೇ ಹೆಸರಿನ ಆಯ್ಕೆಯು, ಬೇರೊಂದು ಪ್ರೋಗ್ರಾಂ ಕೇಳಿಸಿಕೊಳ್ಳುತ್ತಿರುವ ಪೋರ್ಟಿಗೂ ಬೈಂಡ್ ಆಗಲು ಬಿಡುತ್ತದೆ, ಮತ್ತು ಬಂದ ಸಂಪರ್ಕ ಯಾವ ಸರ್ವರ್‌ಗೆ ಸೇರುತ್ತದೆಂಬ ಖಾತರಿ ಇರುವುದಿಲ್ಲ. ದುರುದ್ದೇಶದ ಪ್ರೋಗ್ರಾಂ ಒಂದು ನಿಮ್ಮ ಪೋರ್ಟನ್ನು ಹೀಗೆಯೇ ಕದಿಯಬಹುದು. ದಯವಿಟ್ಟು ವಿಂಡೋಸ್‌ನ ಕೋಡಿನಿಂದ ಅದನ್ನು ಇಂದೇ ತೆಗೆದು, 'ಎಕ್ಸ್‌ಕ್ಲೂಸಿವ್ ಅಡ್ರೆಸ್ ಯೂಸ್' ಆಯ್ಕೆಯನ್ನು ಹಾಕಿ.

ಒಂದೇ ಕಂಪ್ಯೂಟರಿನೊಳಗಿನ ಮಾತುಕತೆಗೆ ಪೋರ್ಟೇ ಬೇಕೆಂದಿಲ್ಲ. ಕಡತದ ಹಾದಿಯನ್ನೇ ವಿಳಾಸವಾಗಿಸುವ ಯೂನಿಕ್ಸ್ ಡೊಮೈನ್ ಸಾಕೆಟ್ 2018ರಿಂದ ವಿಂಡೋಸ್ 10ರಲ್ಲೂ ಇದೆ. ಹಾದಿ ಚಿಕ್ಕದಾಗಿರಲಿ: ಲಿನಕ್ಸ್‌ನಲ್ಲಿ ಅದಕ್ಕೆ 108 ಬೈಟ್, ಮ್ಯಾಕ್‌ನಲ್ಲಿ 104 ಬೈಟ್ ಮಾತ್ರ ಜಾಗ. ಇಲ್ಲಿಯೂ ಘರ್ಷಣೆ ತಪ್ಪಿದ್ದಲ್ಲ, ಏಕೆಂದರೆ ಸರ್ವರ್ ಕುಸಿದುಬಿದ್ದರೂ ಸಾಕೆಟ್ ಕಡತ ಡಿಸ್ಕಿನಲ್ಲೇ ಉಳಿದು ಮುಂದಿನ ಬೈಂಡನ್ನು ತಡೆಯುತ್ತದೆ, ರೀಯೂಸ್ ಅಡ್ರೆಸ್ ಇದಕ್ಕೆ ನೆರವಾಗುವುದಿಲ್ಲ. ಹಾಗೆಂದು ಶುರುವಿನಲ್ಲೇ ಕಡತವನ್ನು ಅಳಿಸಿದರೆ, ಹಳೆಯ ಸರ್ವರ್ ಇನ್ನೂ ಓಡುತ್ತಿದ್ದ ಪಕ್ಷದಲ್ಲಿ, ಹೊಸದಾಗಿ ಯಾರಿಗೂ ಅದು ಸಿಗದಂತಾಗುತ್ತದೆ. ಆದ್ದರಿಂದ ಪಕ್ಕದಲ್ಲೊಂದು ಲಾಕ್ ಕಡತವಿಟ್ಟು (ಅದರ ಬೀಗ ಒಂದು ಸಲಕ್ಕೆ ಒಂದೇ ಪ್ರೋಗ್ರಾಂಗೆ ಸಿಗುತ್ತದೆ), ಅದರ ಲಾಕ್ ನಿಮಗೆ ಸಿಕ್ಕರೆ ಮಾತ್ರ ಹಳೆಯ ಸಾಕೆಟ್ ಕಡತವನ್ನು ಅಳಿಸಿ ಬೈಂಡ್ ಮಾಡಿ; ಸಿಗದಿದ್ದರೆ ಇನ್ನೊಂದು ಸರ್ವರ್ ಓಡುತ್ತಿದೆಯೆಂದು ತಿಳಿಸಿ ಪ್ರೋಗ್ರಾಂ ನಿಲ್ಲಲಿ. ಪ್ರೋಗ್ರಾಂ ಹೇಗೆ ಸತ್ತರೂ ಆ ಲಾಕನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲೇ ಬಿಡಿಸುತ್ತದೆ.