ನೇಮಕಾತಿ ಪತ್ರದಲ್ಲಿ ಬರೆಯದ ನಿರೀಕ್ಷೆಗಳು ಮುರಿದಾಗ ಅಷ್ಟೊಂದು ನೋವಾಗುವುದು ಏಕೆ?

ಏಕೆಂದರೆ ಉದ್ಯೋಗಿಯ ಮನಸ್ಸಿನಲ್ಲಿ ಅವು ಬರೀ ನಿರೀಕ್ಷೆಗಳಲ್ಲ, ಕೊಟ್ಟ ಮಾತು. ಸಂಸ್ಥೆಗಳಲ್ಲಿ ಜನರ ನಡವಳಿಕೆಯನ್ನು ಅಧ್ಯಯನ ಮಾಡಿದ ಅಮೆರಿಕದ ಕ್ರಿಸ್ ಆರ್ಗಿರಿಸ್ 1960ರಲ್ಲಿ ಕಾರ್ಖಾನೆಯ ಕೆಲಸವನ್ನು ಗಮನಿಸಿ ಇದನ್ನು ಮಾನಸಿಕ ಒಪ್ಪಂದ ಎಂದು ಕರೆದರು: ಮೇಲ್ವಿಚಾರಕರು ಕೆಲಸಗಾರರ ರೂಢಿಗಳಿಗೆ ಕೈಹಾಕದಿದ್ದರೆ, ಕೆಲಸಗಾರರು ಉತ್ಪಾದನೆ ತಗ್ಗದಂತೆ ನೋಡಿಕೊಳ್ಳುತ್ತಿದ್ದರು. 1989ರಲ್ಲಿ ಇದೇ ವಿಷಯದ ಸಂಶೋಧಕಿ ಡೆನಿಸ್ ರೂಸೋ ಇನ್ನೂ ಮುಖ್ಯವಾದುದನ್ನು ಹೇಳಿದರು. ಈ ಒಪ್ಪಂದ ಇರುವುದು ವ್ಯಕ್ತಿಯ ನಂಬಿಕೆಯಲ್ಲಿ. ಎದುರಿನವರೂ ಅದನ್ನು ಹಾಗೆಯೇ ಅರ್ಥಮಾಡಿಕೊಂಡಿರಬೇಕೆಂದಿಲ್ಲ.

ತೊಡಕು ಹುಟ್ಟುವುದೇ ಅಲ್ಲಿ. "ಈ ಮೂರು ತಿಂಗಳು ಸಹಕರಿಸಿ, ಮುಂದೆ ನೋಡೋಣ" ಎನ್ನುತ್ತಾರೆ ಮ್ಯಾನೇಜರ್. ಅವರಿಗೆ ಅದು ಸಮಾಧಾನದ ಮಾತು. ಭಾನುವಾರವೂ ದುಡಿದವಳಿಗೆ ಬಡ್ತಿಯ ಭರವಸೆ. ಪಟ್ಟಿ ಬಂದಾಗ ಹೆಸರಿಲ್ಲ, ತೋರಿಸಲು ಕಾಗದವೂ ಇಲ್ಲ. ಆಮೇಲೆ ಆಕೆ ಜಗಳವಾಡುವುದಿಲ್ಲ, ಆರು ಗಂಟೆಗೆ ಸರಿಯಾಗಿ ಎದ್ದು ಹೊರಡುತ್ತಾಳೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ ಎಂದೇ ನಾನು ನಂಬಿದ್ದೇನೆ.

ಸಂಸ್ಥೆಗೂ ಇಂಥ ನಿರೀಕ್ಷೆಗಳಿರುತ್ತವೆ, ತರಬೇತಿ ಪಡೆದವರು ಕೆಲವು ವರ್ಷವಾದರೂ ಉಳಿಯಲಿ ಎಂಬಂತೆ. ಆದರೆ ಅದರ ಕೈಯಲ್ಲಿ ಸಂಬಳವೂ ನಿಯಮವೂ ಇವೆ. ಆದ್ದರಿಂದ "ಮುಂದೆ ನೋಡೋಣ" ಎಂದಾಗ "ಯಾವಾಗ, ಯಾವ ಆಧಾರದ ಮೇಲೆ?" ಎಂದು ವಿನಯದಿಂದಲೇ ಕೇಳಿ, ಸಿಕ್ಕ ಉತ್ತರವನ್ನು ಅಂದೇ ಇಮೇಲ್‌ನಲ್ಲಿ ಬರೆದು ಕಳುಹಿಸಿ.